ಬಿರುಗಾಳಿ, ಆಲಿಕಲ್ಲು, ಚಂಡಮಾರುತದ ಮಳೆ: ದಾವಣಗೆರೆ–ಚಿತ್ರದುರ್ಗದ ಕೈತೋಟ ಮತ್ತು ಹಣ್ಣಿನ ಮರಗಳನ್ನು ಕಾಯುವ ಬಗೆ

ಬಂಗಾಳಕೊಲ್ಲಿಯಲ್ಲಿ ಎದ್ದ ಚಂಡಮಾರುತ ಆಂಧ್ರದ ಅಥವಾ ತಮಿಳುನಾಡಿನ ದಡ ಹತ್ತಿದ ಮೇಲೆ ಬಲ ಕಳೆದುಕೊಳ್ಳುತ್ತದೆ. ಚಿತ್ರದುರ್ಗ, ದಾವಣಗೆರೆಗೆ ಅದರ ಪ್ರಭಾವ ತಲುಪುವ ಹೊತ್ತಿಗೆ ಗಾಳಿಯ ಸೊಕ್ಕು ಇಳಿದು ಮಳೆ ಮಾತ್ರ ಉಳಿದಿರುತ್ತದೆ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಮುಟ್ಟಿದ ಫೆಂಗಲ್ ಕೂಡ ಹೀಗೆಯೇ ದುರ್ಬಲಗೊಂಡು ಕರ್ನಾಟಕದ ಒಳನಾಡಿಗೆ ಮಳೆ ತಂದಿತು. ನಮ್ಮ ಹಿತ್ತಿಲಿನ ಬಾಳೆ ಮುರಿಯುವುದು, ಮಾವಿನ ಕೊಂಬೆ ಸೀಳುವುದು, ಹೀರೆ ಚಪ್ಪರ ಮಗುಚುವುದು ಹೆಚ್ಚಾಗಿ ಬೇರೊಂದು ಗಾಳಿಯಿಂದ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗಿನೊಂದಿಗೆ ನುಗ್ಗಿ ಬಂದು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡಿ ಹೋಗುವ ಗಾಳಿ ಅದು.

ಇವೆರಡನ್ನೂ ಎದುರಿಸುವ ಬಗೆ ಬೇರೆ ಬೇರೆ. ಆದರೆ ಎರಡಕ್ಕೂ ಸಲ್ಲುವ ಒಂದು ಮಾತಿದೆ: ಗಾಳಿಗೆ ದಾರಿ ಬಿಡಿ, ನೀರಿಗೆ ಜಾಗ ಕೊಡಿ. ಗಾಳಿಯನ್ನು ಪೂರ್ತಿ ತಡೆಯಲು ಹೊರಟ ಚಪ್ಪರ ಕಿತ್ತುಹೋಗುತ್ತದೆ. ನೀರನ್ನು ಪೂರ್ತಿ ಹೊರಗಟ್ಟಲು ಹೊರಟ ತೋಟ ಜನವರಿಗೇ ಬಾಯಾರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನಂಥ ಕಡೆ ವರ್ಷದ ಮಳೆಯೇ ಕಡಿಮೆ. ಅಲ್ಲಿ ಬಿರುಗಾಳಿಯ ಜೊತೆಗೆ ಬರುವ ನೀರನ್ನು ಶತ್ರುವೆಂದು ನೋಡುವುದು ತಪ್ಪು.

ಯಾವ ಗಾಳಿ, ಯಾವಾಗ

ಯುಗಾದಿ ಕಳೆದು ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ನೆಲ ಕಾದಿರುತ್ತದೆ ಮತ್ತು ಮೋಡದ ಕೆಳಗಿನ ಗಾಳಿ ಒಣಗಿರುತ್ತದೆ. ಮೋಡದಿಂದ ಉದುರುವ ಹನಿಗಳಲ್ಲಿ ಬಹುಪಾಲು ದಾರಿಯಲ್ಲೇ ಆವಿಯಾಗುತ್ತವೆ. ಆಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಕ್ಕೆ ಕುಸಿಯುತ್ತದೆ. ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಮಳೆಗೆ ಮೊದಲು ಬರುವ ದೂಳು ತುಂಬಿದ ತಣ್ಣನೆಯ ಗಾಳಿ ಇದೇ. ಹೀಗಾಗಿ ಇದು ಇಂಥದೇ ದಿಕ್ಕಿನಿಂದ ಬರುತ್ತದೆಂದು ಹೇಳಲು ಆಗದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ನಿಜವೇ. ಆದರೆ ಮರದಲ್ಲಿ ಕಾಯಿ ತೂಗುವ ಹೊತ್ತಿಗೆ ಸರಿಯಾಗಿ ಬರುವ ಮಳೆಯೂ ಅದೇ.

ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ, ನೈಋತ್ಯದಿಂದ ಎಡೆಬಿಡದೆ ಗಾಳಿ ಬೀಸುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಮತ್ತು ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಈ ಗಾಳಿಯನ್ನು ನಂಬಿ. ಇದು ಮರವನ್ನು ಒಂದೇ ಏಟಿಗೆ ಕೆಡವುವುದಿಲ್ಲ. ಎಳೆಯ ಗಿಡವನ್ನು ದಿನವೂ ಒಂದೇ ಕಡೆಗೆ ತಳ್ಳಿ ಬುಡ ಸಡಿಲಿಸುತ್ತದೆ, ಎಲೆ ಒಣಗಿಸುತ್ತದೆ. ಮೂರನೆಯದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ವಾಯುಭಾರ ಕುಸಿತದ ಮಳೆ. ಅದು ಎರಡು ಮೂರು ದಿನ ಬಿಡದೆ ಹಿಡಿದರೆ ನೆಲ ನೆನೆದು ಬೇರಿನ ಹಿಡಿತ ಸಡಿಲವಾಗುತ್ತದೆ. ಆಮೇಲೆ ಸಾಧಾರಣ ಗಾಳಿ ಬೀಸಿದರೂ ಮರ ವಾಲುತ್ತದೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ಗಾಳಿಗೆ ಅಲುಗಾಡದೆ ನಿಂತ ಚಪ್ಪರ 60ಕ್ಕೂ ನಿಲ್ಲುತ್ತದೆಂದು ನಂಬಬೇಡಿ.

ಫೆಬ್ರವರಿಯಲ್ಲಿ ಒಂದು ಸುತ್ತು

ಚಳಿ ಇಳಿದು ಬಿಸಿಲು ಏರುವ ಮೊದಲು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಪ್ರತಿ ಮರವನ್ನೂ ಬುಡದಿಂದ ತುದಿಯವರೆಗೆ ನೋಡಿ. ಒಣಗಿದ ಕೊಂಬೆ, ಹಳೆಯ ಬಿರುಕು, ಪೊಟರೆ, ಗೆದ್ದಲಿನ ಮಣ್ಣು ಮೆತ್ತಿದ ಜಾಗ, ಒಂದೇ ಎತ್ತರದಲ್ಲಿ ಒತ್ತಾಗಿ ಮೇಲೆದ್ದ ಎರಡು ಕವಲುಗಳು ಕಣ್ಣಿಗೆ ಬೀಳಬೇಕು. ಕವಲುಗಳ ನಡುವಿನ ಸಂದು ಅಗಲವಾಗಿದ್ದರೆ ಅದು ಗಟ್ಟಿ. ಸಂದು ಕಿರಿದಾಗಿ, ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಅದು ಸೀಳುವ ಜಾಗ. ಹಿತ್ತಿಲಿನ ಮಾವು, ಪೇರಲದಲ್ಲಿ ಇಂಥ ಕವಲು ಬಹಳ. ಮರ ಎಳೆಯದಿರುವಾಗಲೇ ಎರಡರಲ್ಲಿ ಒಂದನ್ನು ತೆಗೆಯುವುದು ಸುಲಭ. ಹತ್ತು ವರ್ಷದ ಮೇಲೆ ಅದು ದೊಡ್ಡ ಗಾಯವಾಗುತ್ತದೆ.

ಬುಡವನ್ನೂ ನೋಡಿ. ಹಿಂದಿನ ವರ್ಷ ಕಾಂಪೌಂಡಿನ ಪಾಯಕ್ಕೆ, ನೀರಿನ ಪೈಪಿಗೆ, ಒಳಚರಂಡಿಗೆ ಮರದ ಪಕ್ಕದಲ್ಲೇ ಅಗೆದಿದ್ದರೆ ಆ ಕಡೆಯ ಬೇರು ಕಡಿದಿದೆ ಎಂದೇ ಅರ್ಥ. ಅಂಥ ಮರ ಅಗೆತದ ಎದುರು ದಿಕ್ಕಿಗೆ ಉರುಳುವ ಸಂಭವ ಹೆಚ್ಚು. ಆ ದಿಕ್ಕಿನಲ್ಲಿ ಮನೆ, ತಂತಿ ಅಥವಾ ವಾಹನ ನಿಲ್ಲಿಸುವ ಜಾಗವಿದ್ದರೆ ಮರದ ಭಾರ ಇಳಿಸುವ ಕೆಲಸ ಈ ವರ್ಷವೇ ಆಗಬೇಕು.

ಮಣ್ಣಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಕೆಂಪು ಮಸಾರಿ ನೆಲದಲ್ಲಿ ನೀರು ಬೇಗ ಬಸಿಯುತ್ತದೆ. ಆದರೆ ಅಡಿಯಲ್ಲಿ ಬಂಡೆಯೋ ಗಟ್ಟಿ ಪದರವೋ ಸಿಕ್ಕರೆ ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡಿರುತ್ತದೆ. ಎರೆ ನೆಲ ಬೇಸಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ, ಮಳೆಯಲ್ಲಿ ಉಬ್ಬಿ ಕೆಸರಾಗಿ ಹಿಡಿತ ಬಿಡುತ್ತದೆ. ಎರೆಯಲ್ಲಿ ಮರವಿದ್ದರೆ ಬೇಸಗೆ ಪೂರ್ತಿ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಮೆಕ್ಕೆಜೋಳದ ದಂಟಿನ ಹೊದಿಕೆ ಇರಲಿ. ದಾವಣಗೆರೆ ಸೀಮೆಯಲ್ಲಿ ದಂಟಿಗೆ ಬರವಿಲ್ಲ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಹನಿ ನೀರಾವರಿಯ ಕೊಳವೆಯನ್ನು ಕಾಂಡಕ್ಕೆ ಅಂಟಿಸಿಯೇ ಬಿಡುವ ರೂಢಿ ಹಲವರಲ್ಲಿದೆ. ನೀರು ಎಲ್ಲಿ ಸಿಗುತ್ತದೋ ಬೇರು ಅಲ್ಲೇ ನಿಲ್ಲುತ್ತದೆ. ಗಿಡ ಬೆಳೆದಂತೆ ನೀರಿನ ಜಾಗವನ್ನು ಕೊಂಬೆಗಳ ನೆರಳಿನ ಅಂಚಿಗೆ ಸರಿಸುತ್ತ ಹೋದರೆ ಬೇರು ಅಗಲಕ್ಕೆ ಹಬ್ಬಿ ಮರವನ್ನು ಹಿಡಿದಿಡುತ್ತದೆ.

ಸವರುವುದು: ಎಲ್ಲಕ್ಕಿಂತ ಮುಖ್ಯವಾದ ಕೆಲಸ

ನನ್ನ ಅಭಿಪ್ರಾಯದಲ್ಲಿ ಗಾಳಿಗೆ ಮುರಿಯುವ ಕೊಂಬೆಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಸವರದೆ ಬಿಟ್ಟವು, ಇಲ್ಲವೇ ತಪ್ಪಾಗಿ ಸವರಿದವು. ಮರದ ತಲೆಯನ್ನೇ ಮೊಟಕಾಗಿ ಕಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಕಡಿದ ಜಾಗದ ಸುತ್ತ ಹತ್ತಾರು ಚಿಗುರು ಒತ್ತಾಗಿ ಏಳುತ್ತವೆ. ಅವು ತೊಗಟೆಯ ಮೇಲ್ಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ಎರಡು ಮೂರು ವರ್ಷದಲ್ಲಿ ಅವು ದಪ್ಪವಾಗಿ, ಕಾಯಿ ಬಿಟ್ಟು, ಮೊದಲ ಬಿರುಗಾಳಿಗೇ ಕಳಚಿ ಬೀಳುತ್ತವೆ. ಒಳಗಿನ ಸಣ್ಣ ಕೊಂಬೆಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ಮಾತ್ರ ಎಲೆ ಬಿಡುವುದೂ ಅಷ್ಟೇ ಕೆಟ್ಟದ್ದು. ಆಗ ಭಾರವೆಲ್ಲ ತುದಿಗೆ ಸೇರಿ ಕೊಂಬೆ ಜೋರಾಗಿ ತೂಗಾಡಿ ನಡುವೆ ಮುರಿಯುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಒಣಗಿದ, ರೋಗ ತಗುಲಿದ, ಬಿರಿದ ಕೊಂಬೆ ತೆಗೆಯಿರಿ. ಆಮೇಲೆ ಒಂದಕ್ಕೊಂದು ಉಜ್ಜುವ ಎರಡರಲ್ಲಿ ದುರ್ಬಲವಾದದ್ದನ್ನು ತೆಗೆಯಿರಿ. ಅದಾದ ಮೇಲೆ ಮರದ ನಡುಭಾಗಕ್ಕೆ ಬೆಳಕು ಬೀಳುವಂತೆ ಒಳಮುಖವಾಗಿ ಬೆಳೆದವನ್ನು ವಿರಳಗೊಳಿಸಿ. ಕೆಳಗೆ ನಿಂತು ತಲೆ ಎತ್ತಿದರೆ ಅಲ್ಲಲ್ಲಿ ಆಕಾಶದ ತುಣುಕು ಕಾಣಬೇಕು. ಒಂದು ವರ್ಷದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬೇಡಿ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಕೊಯ್ದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ. ಅದಕ್ಕಾಗಿ ಮೂರು ಕೊಯ್ತ. ಕಾಂಡದಿಂದ ಒಂದು ಮೊಳ ದೂರದಲ್ಲಿ, ಕೊಂಬೆಯ ಕೆಳಗಿನಿಂದ ಮೂರರಲ್ಲೊಂದು ಭಾಗದಷ್ಟು ಗರಗಸ ಹಾಕಿ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ ಕೊಯ್ದು ಭಾರ ಇಳಿಸಿ. ಕೊನೆಗೆ ಉಳಿದ ಮೋಟನ್ನು ಕಾಂಡ ಸೇರುವಲ್ಲಿನ ಉಬ್ಬಿದ ಕತ್ತಿನ ಹೊರಗೆ ಕೊಯ್ಯಿರಿ. ಆ ಉಬ್ಬನ್ನು ಕೆತ್ತಬೇಡಿ; ಗಾಯ ಮುಚ್ಚುವುದು ಅಲ್ಲಿಂದಲೇ.

ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೂರನೆಯ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕುಳಿತರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಬ್ರಷ್‌ನಿಂದ ಹಚ್ಚಿ ಮುಗಿಸಿ.

ಯಾವ ಮರಕ್ಕೆ ಯಾವಾಗ ಎಂಬುದೂ ಮುಖ್ಯ. ಮಾವನ್ನು ಕೊಯ್ಲು ಮುಗಿದ ಮೇಲೆ, ಮಳೆ ಬಿಡುವು ಕೊಟ್ಟ ಜುಲೈ–ಆಗಸ್ಟ್ ದಿನಗಳಲ್ಲಿ ಸವರಿ. ಫೆಬ್ರವರಿಯಲ್ಲಿ ಅದು ಹೂವು, ಹೀಚಿನಲ್ಲಿ ಇರುತ್ತದೆ. ಆಗ ಒಣಗಿದ್ದು, ಬಿರಿದದ್ದು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ನುಗ್ಗೆಯ ಮರ ಮೆದು, ಬಿರುಗಾಳಿಗೆ ಮುರಿಯುವುದರಲ್ಲಿ ಅದಕ್ಕೇ ಮೊದಲ ಸ್ಥಾನ. ಕಾಯಿ ಮುಗಿದೊಡನೆ ನೆಲದಿಂದ ಮೂರಡಿಗೆ ಕಡಿದರೆ ಮತ್ತೆ ಚಿಗುರಿ ಕೈಗೆಟಕುವ ಎತ್ತರದಲ್ಲೇ ಕಾಯಿ ಕೊಡುತ್ತದೆ. ನಿಂಬೆ, ಸಪೋಟಕ್ಕೆ ಹೆಚ್ಚು ಕತ್ತರಿ ಬೇಡ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರಿಗೆ ಚಾಟ್ನಿ, ಅಂದರೆ ಗಿಡ ಸವರುವುದನ್ನು, ಹೇಳಿಕೊಡಬೇಕಾಗಿಲ್ಲ. ಮನೆಯಂಗಳದಲ್ಲಿ ಒಂದೆರಡು ಗಿಡ ಇಟ್ಟವರು ಮಾತ್ರ ನೆನಪಿಡಬೇಕು: ದುಂಡಾಣು ಅಂಗಮಾರಿ ಒದ್ದೆ ಗಿಡದಲ್ಲಿ ಕತ್ತರಿಯ ಮೂಲಕವೇ ಹರಡುತ್ತದೆ. ಆದ್ದರಿಂದ ಮಳೆ ಹನಿಯುವಾಗ ಕತ್ತರಿ ಹಿಡಿಯಬೇಡಿ, ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಿಂದ ಒರೆಸಿ.

ತೆಂಗಿನಲ್ಲಿ ಜೋತುಬಿದ್ದ ಒಣ ಗರಿ, ಒಣ ಹೊಂಬಾಳೆ, ಬಲಿತ ಕಾಯಿಗಳನ್ನು ಏಪ್ರಿಲ್‌ಗೆ ಮೊದಲು ಇಳಿಸಿ. ಹಸಿರು ಗರಿ ಕಡಿಸಬೇಡಿ, ಅದರಿಂದ ಇಳುವರಿ ಕಡಿಮೆಯಾಗುತ್ತದೆಯೇ ಹೊರತು ಮರ ಗಟ್ಟಿಯಾಗುವುದಿಲ್ಲ. ಕಾಂಡದಲ್ಲಿ ತೂತು ಕಂಡು ಅದರಿಂದ ಕಂದು ರಸ ಸೋರುತ್ತಿದ್ದರೆ ಕೆಂಪು ಮೂತಿ ಹುಳು ಒಳಗಿದೆ ಎಂದರ್ಥ. ಹೊರಗೆ ಹಸಿರಾಗಿ ಕಂಡರೂ ಒಳಗೆ ಟೊಳ್ಳಾದ ಆ ಮರ ಗಾಳಿಗೆ ಮುರಿಯುತ್ತದೆ. ಮನೆಯ ಪಕ್ಕದ ತೆಂಗಿನಲ್ಲಿ ಹೀಗೆ ಕಂಡರೆ ತಡಮಾಡದೆ ತೋಟಗಾರಿಕೆ ಇಲಾಖೆಯವರನ್ನೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೋ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ.

ಆಸರೆ ಕೊಡುವುದು

ಎಳೆಯ ಗಿಡಕ್ಕೆ ಆಸರೆ ಕೋಲು ಬೇಕು, ಆದರೆ ಗಿಡವನ್ನು ಕದಲದಂತೆ ಬಿಗಿಯುವುದಕ್ಕಲ್ಲ. ಸ್ವಲ್ಪ ಓಲಾಡಿದರೇನೇ ಕಾಂಡ ದಪ್ಪವಾಗುತ್ತದೆ. ಗಿಡದ ಎರಡು ಬದಿಗೆ, ಬೇರು ಬಿಟ್ಟು ಒಂದಡಿ ದೂರದಲ್ಲಿ ಎರಡು ಗೂಟ ನೆಟ್ಟು, ಗಿಡದ ಎತ್ತರದ ಮೂರರಲ್ಲೊಂದು ಭಾಗದಲ್ಲಿ ಹಳೆಯ ಸೈಕಲ್ ಟ್ಯೂಬ್ ಅಥವಾ ಬಟ್ಟೆಯ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತಿ ಕಟ್ಟಿ. ನೈಲಾನ್ ಹಗ್ಗ, ಬರಿ ತಂತಿ ತೊಗಟೆಯನ್ನು ಕೊಯ್ಯುತ್ತವೆ. ವರ್ಷ ತುಂಬಿದ ಮೇಲೆ ಕಟ್ಟು ಬಿಚ್ಚುವುದನ್ನು ಮರೆಯಬೇಡಿ. ಮರೆತ ಕಟ್ಟು ಕಾಂಡದೊಳಗೆ ಹೂತು, ಅದೇ ಜಾಗದಲ್ಲಿ ಮರ ಮುರಿಯುತ್ತದೆ.

ಬಾಳೆ ಗೊನೆ ಹೊರಬಿದ್ದ ದಿನದಿಂದ ಗಿಡ ಒಂದು ಕಡೆಗೆ ಜಗ್ಗುತ್ತದೆ. ಎರಡು ಗಳಗಳನ್ನು ತುದಿಯಲ್ಲಿ ಕತ್ತರಿ ಹಾಕಿ ಕಟ್ಟಿ, ಗೊನೆ ಜಗ್ಗಿದ ಕಡೆಯಿಂದ ಗೊನೆಯ ಕತ್ತಿನ ಕೆಳಗೆ ಒರಗಿಸಿ. ಗಳ ಒರಗುವಲ್ಲಿ ಗೋಣಿಚೀಲದ ತುಂಡು ಇಡಿ. ಗುಂಪಾಗಿ ಬಾಳೆಯಿದ್ದರೆ ಒಂದನ್ನೊಂದು ಹಗ್ಗದಿಂದ ಎದುರುಬದುರು ಜಗ್ಗಿ ಕಟ್ಟಬಹುದು. ಒಂದು ಬುಡಕ್ಕೆ ಒಂದೆರಡು ಕಂದು (ಮರಿ ಗಿಡ) ಮಾತ್ರ ಉಳಿಸಿ. ಗಾಳಿಗೆ ಬಾಳೆ ಎಲೆ ಸೀಳಿದರೆ ಮರುಗಬೇಡಿ. ಸೀಳಿದ ಎಲೆ ಗಾಳಿಯನ್ನು ಹಾಯಿಸಿಬಿಡುವುದರಿಂದಲೇ ಗಿಡ ನಿಲ್ಲುತ್ತದೆ.

ಪಪ್ಪಾಯಿಯ ಕಾಂಡ ಟೊಳ್ಳು, ಬೇರು ಮೇಲ್ಮಟ್ಟದ್ದು, ಕಾಯಿಯ ಭಾರವೆಲ್ಲ ನೆತ್ತಿಯಲ್ಲಿ. ಕಾಯಿ ಗೊಂಚಲಿನ ಕೆಳಗೆ ಮೂರು ಕಡೆಯಿಂದ ಕವೆಗೋಲು ಕೊಡಿ, ಬುಡಕ್ಕೆ ಮುಕ್ಕಾಲಡಿ ಎತ್ತರಕ್ಕೆ ಮಣ್ಣು ಏರಿಸಿ. ಅದು ಗಾಳಿಗಿಂತ ನಿಂತ ನೀರಿಗೆ ಹೆಚ್ಚು ಹೆದರುವ ಗಿಡ. ಒಂದೆರಡು ದಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ.

ಗಾಳಿಯನ್ನು ಸೋಸುವ ಬೇಲಿ

ಎತ್ತರದ ಕಾಂಪೌಂಡ್ ಗೋಡೆಯಿದ್ದರೆ ತೋಟ ಸುರಕ್ಷಿತ ಎಂಬ ನಂಬಿಕೆ ಬಹಳ ಮಂದಿಗಿದೆ. ಗೋಡೆಯನ್ನು ಹಾರಿ ಬಂದ ಗಾಳಿ ಆಚೆ ಬದಿಯಲ್ಲಿ ಸುಳಿಯಾಗಿ ನೆಲಕ್ಕೆ ಬಡಿಯುತ್ತದೆ. ಗೋಡೆಯಿಂದ ತುಸು ದೂರದ ಗಿಡಗಳಿಗೆ ಪೆಟ್ಟು ಹೆಚ್ಚು. ಅರ್ಧದಷ್ಟು ಗಾಳಿಯನ್ನು ಒಳಗೆ ಬಿಡುವ ಜೀವಂತ ಬೇಲಿ ಇದಕ್ಕಿಂತ ಎಷ್ಟೋ ಮೇಲು. ಅದು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ವೇಗ ತಗ್ಗಿಸುತ್ತದೆ. ಆರಡಿಯ ಬೇಲಿ ಅರವತ್ತಡಿ ಕಾಯುತ್ತದೆ, ಅಂದರೆ ಒಂದು ಸಾಧಾರಣ ನಿವೇಶನ ಪೂರ್ತಿ. ಪಶ್ಚಿಮ ಮತ್ತು ನೈಋತ್ಯದ ಅಂಚಿಗೆ ಗೊಬ್ಬರದ ಗಿಡ ಗ್ಲಿರಿಸಿಡಿಯಾ ಹಚ್ಚಿ. ಜಾಗ ಇದ್ದವರು ಹೊಂಗೆ, ಬೇವು ಸೇರಿಸಲಿ. ಗ್ಲಿರಿಸಿಡಿಯಾದ ಸೊಪ್ಪು ತರಕಾರಿ ಮಡಿಗೆ ಗೊಬ್ಬರವೂ ಆಗುತ್ತದೆ. ಬೇಲಿ ಬೆಳೆಯುವವರೆಗೆ ಗಟ್ಟಿ ಕಂಬಗಳಿಗೆ ಐವತ್ತು ಶೇಕಡಾ ನೆರಳಿನ ಬಲೆಯನ್ನು ಲಂಬವಾಗಿ ಕಟ್ಟಿದರೂ ಸಾಕು.

ಚಪ್ಪರ, ಟೊಮೆಟೊ, ತಾರಸಿ

ಹೀರೆ, ಹಾಗಲ, ಸೋರೆ, ಅವರೆ ಹಬ್ಬಿದ ಚಪ್ಪರದ ಮೇಲ್ಮೈ ದೊಡ್ಡದು, ಕಾಯಿಯ ಭಾರ ಬೇರೆ. ಚನ್ನಗಿರಿ ಕಡೆಯಿಂದ ಅಡಿಕೆ ದಬ್ಬೆ ಸಿಗುತ್ತದೆ; ಅಡ್ಡಪಟ್ಟಿಗೆ ಅದು ಚೆನ್ನ. ಕಂಬಕ್ಕೆ ಗಟ್ಟಿ ಬಿದಿರು ಅಥವಾ ಕಲ್ಲುಕಂಬವೇ ಆಗಬೇಕು. ಕಂಬ ಎರಡಡಿ ಆಳಕ್ಕೆ ಹೋಗಲಿ, ಸುತ್ತ ಕಲ್ಲು ಹಾಕಿ ಕುಟ್ಟಿ. ನಾಲ್ಕು ಮೂಲೆಯ ಕಂಬಗಳು ತುಸು ಹೊರಕ್ಕೆ ವಾಲಿರಲಿ. ಪ್ರತಿ ಮೂಲೆಯಿಂದ ನೆಲದ ಗೂಟಕ್ಕೆ ಓರೆಯಾಗಿ ತಂತಿ ಬಿಗಿಯಿರಿ. ಚಪ್ಪರ ಉರುಳುವುದು ಹೆಚ್ಚಾಗಿ ಈ ಓರೆ ತಂತಿ ಇಲ್ಲದ್ದರಿಂದ. ಎತ್ತರ ಆರೂವರೆ ಅಡಿ ದಾಟಬೇಕಾಗಿಲ್ಲ, ಕೈಗೆಟಕಿದರೆ ಸಾಕು.

ನೆರಳಿನ ಬಲೆಯ ಮಾತು ಬೇರೆ. ಬೇಸಗೆಯ ಬಿಸಿಲಿಗೆಂದು ತಲೆಯ ಮೇಲೆ ಹರಡಿದ ಬಲೆ ಗಾಳಿ ಬಂದಾಗ ಹಡಗಿನ ಹಾಯಿಯಂತೆ ಉಬ್ಬಿ ಕಂಬಗಳನ್ನೇ ಕಿತ್ತೊಯ್ಯುತ್ತದೆ. ಅದನ್ನು ಗಂಟು ಹಾಕಿ ಶಾಶ್ವತವಾಗಿ ಕಟ್ಟಬೇಡಿ. ಒಂದು ಅಂಚು ಮಾತ್ರ ಕಾಯಂ ಇದ್ದು, ಉಳಿದ ಮೂರು ಅಂಚು ಕ್ಲಿಪ್ ಅಥವಾ ಕೊಕ್ಕೆಯಲ್ಲಿದ್ದರೆ ಎರಡು ನಿಮಿಷದಲ್ಲಿ ಬಿಚ್ಚಿ ಸುತ್ತಿಡಬಹುದು. ಮನೆಯಲ್ಲಿರುವ ಎಲ್ಲರಿಗೂ, ಅಜ್ಜಿಗೂ ಮಕ್ಕಳಿಗೂ, ಇದನ್ನು ಬಿಚ್ಚುವುದು ಗೊತ್ತಿರಲಿ. ಸಂಜೆ ನಾಲ್ಕಕ್ಕೆ ಗಾಳಿ ಬರುವಾಗ ತೋಟ ಮಾಡಿದವರು ಹೆಚ್ಚಾಗಿ ಕೆಲಸದಲ್ಲಿರುತ್ತಾರೆ.

ಟೊಮೆಟೊ, ಬದನೆ, ಮೆಣಸಿನ ಸಾಲಿನಲ್ಲಿ ಐದಾರು ಅಡಿಗೊಂದು ಕೋಲು ನೆಟ್ಟು, ನೆಲದಿಂದ ಪ್ರತಿ ಮುಕ್ಕಾಲು ಅಡಿ ಎತ್ತರಕ್ಕೆ ಸಾಲಿನ ಎರಡೂ ಬದಿಗೆ ಸುತಲಿ ಹುರಿ ಎಳೆದರೆ ಗಿಡಗಳು ನಡುವೆ ನಿಲ್ಲುತ್ತವೆ. ನೆಲಕ್ಕೆ ತಾಗುವ ಎಲೆಗಳನ್ನು ಕಿತ್ತುಬಿಡಿ, ಮಳೆಯ ಹನಿ ಚಿಮ್ಮಿಸಿದ ಮಣ್ಣಿನಿಂದಲೇ ರೋಗ ಏರುವುದು.

ತಾರಸಿ ತೋಟದವರು ಒಂದು ನಿಯಮ ಪಾಲಿಸಿ: ಪ್ಯಾರಾಪೆಟ್ ಗೋಡೆಯ ಮೇಲೆ ಕುಂಡ ಬೇಡವೇ ಬೇಡ. ಅದು ಬಿದ್ದರೆ ಕೆಳಗೆ ನಡೆಯುವವರ ಜೀವಕ್ಕೆ ಅಪಾಯ. ಎತ್ತರದ ಗಿಡಗಳ ಚೀಲಗಳನ್ನು ಗಾಳಿ ಬರುವ ಮೊದಲು ಮೂಲೆಗೆ ಒತ್ತಾಗಿ ಸೇರಿಸಿ, ಇಲ್ಲವೇ ನೆಲಕ್ಕೆ ಮಲಗಿಸಿ. ತಾರಸಿಯ ನೀರು ಹೋಗುವ ಕಿಂಡಿಗಳಲ್ಲಿ ಎಲೆ, ಕೋಕೊಪೀಟ್ ಕಟ್ಟಿಕೊಂಡಿದ್ದರೆ ತೆಗೆಯಿರಿ.

ನೀರಿಗೆ ಜಾಗ

30x40 ಅಡಿಯ ನಿವೇಶನದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್ ನೀರಾಗುತ್ತದೆ. ಅದಕ್ಕೊಂದು ದಾರಿ ಮೊದಲೇ ಇರಬೇಕು. ತರಕಾರಿ ಮಡಿಗಳನ್ನು ನೆಲಮಟ್ಟದಿಂದ ಒಂದು ಗೇಣಿಗಿಂತ ಎತ್ತರಕ್ಕೆ ಏರಿಸಿ, ನಡುವೆ ಕಾಲುವೆ ಬಿಡಿ. ಬೇಸಗೆಯಲ್ಲಿ ನೀರು ಹಿಡಿಯಲೆಂದು ಮಾಡಿದ ಮರದ ಪಾತಿ ಮಳೆಗಾಲದಲ್ಲಿ ಬೇರನ್ನು ಉಸಿರುಗಟ್ಟಿಸುತ್ತದೆ. ಮೇ ಕೊನೆಗೆ ಪಾತಿಯ ಒಳಗೆ ಕಾಂಡದ ಸುತ್ತ ಮಣ್ಣು ಏರಿಸಿ ಹೊರಕ್ಕೆ ಇಳಿಜಾರು ಮಾಡಿ, ತಗ್ಗಿನ ಕಡೆ ಪಾತಿಯ ಅಂಚನ್ನು ಒಡೆದು ಬಾಯಿ ಬಿಡಿ.

ಆ ಬಾಯಿಯಿಂದ ಹೊರಟ ನೀರು ಬೀದಿಯ ಚರಂಡಿಗೆ ಹೋಗದಿರಲಿ. ನಿವೇಶನದ ತಗ್ಗಿನ ಮೂಲೆಯಲ್ಲಿ, ಮನೆಯ ಪಾಯದಿಂದ ಹತ್ತಡಿ ದೂರದಲ್ಲಿ, ಮೂರಡಿ ಅಗಲ, ನಾಲ್ಕಡಿ ಆಳದ ಇಂಗುಗುಂಡಿ ತೆಗೆದು ದಪ್ಪ ಕಲ್ಲು, ಮೇಲೆ ಜಲ್ಲಿ, ಮರಳು ತುಂಬಿ. ಕೆಂಪು ನೆಲದಲ್ಲಿ ಇದು ಬೇಗ ಇಂಗಿಸುತ್ತದೆ. ಎರೆ ನೆಲದಲ್ಲಿ ನಿಧಾನ, ಅಲ್ಲಿ ತುಂಬಿದ ಮೇಲಿನ ನೀರಿಗೆ ಹೊರದಾರಿ ಇರಲೇಬೇಕು. 1933ರಲ್ಲಿ ತುಂಬಿದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾದ ಸೀಮೆ ಇದು. ಬಿದ್ದ ನೀರನ್ನು ಹರಿಯಲು ಬಿಡಲು ಮನಸ್ಸು ಬಾರದು, ಬರಲೂಬಾರದು.

ಮುನ್ಸೂಚನೆ ಬಂದ ದಿನ

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಗಮನಿಸಿ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ ಎಂದು ಅವರ ಲೆಕ್ಕ. ಮೇಘದೂತ ಆ್ಯಪ್‌ನಲ್ಲಿ ಜಿಲ್ಲಾವಾರು ಕೃಷಿ ಸಲಹೆ ಬರುತ್ತದೆ, ದಾಮಿನಿ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಬೇಸಗೆಯ ಗುಡುಗುಮಳೆಗೆ ಸಿಗುವ ಕಾಲಾವಕಾಶ ಕೆಲವೇ ಗಂಟೆ. ಚಂಡಮಾರುತದ ಮಳೆಗೆ ಎರಡು ಮೂರು ದಿನ ಸಿಗುತ್ತದೆ.

ಮೊದಲು ಕೊಯ್ಲು. ಮಾವು, ಬಾಳೆ, ಪಪ್ಪಾಯಿ, ಸಪೋಟ, ಸೀತಾಫಲ, ಟೊಮೆಟೊ ಕಿತ್ತ ಮೇಲೂ ಹಣ್ಣಾಗುತ್ತವೆ. ಹೆಗಲು ತುಂಬಿದ ಮಾವು, ಏಣು ಕರಗಿ ದುಂಡಾದ ಬಾಳೆ, ಬಣ್ಣ ತಿರುಗಲು ತೊಡಗಿದ ಟೊಮೆಟೊ ಧೈರ್ಯವಾಗಿ ಕೀಳಿ. ಮಾವನ್ನು ತೊಟ್ಟು ಉಳಿಸಿ ಕೊಯ್ದು, ಸೊನೆ ಸಿಪ್ಪೆಗೆ ತಾಗದಂತೆ ಬುಡಮೇಲು ಮಾಡಿ ಒಣಗಿಸಿ, ಭತ್ತದ ಹುಲ್ಲಿನಲ್ಲಿ ಹರಡಿ. ದಾಳಿಂಬೆ, ನಿಂಬೆ ಕಿತ್ತ ಮೇಲೆ ಮಾಗುವುದಿಲ್ಲ. ಎಳೆಯದನ್ನು ಕೀಳುವುದು ನಷ್ಟ. ಹೀರೆ, ಬೆಂಡೆ, ಅವರೆಯಲ್ಲಿ ಕೈಗೆ ಬಂದದ್ದನ್ನೆಲ್ಲ ಬಿಡಿಸಿ, ಚಪ್ಪರದ ಭಾರವೂ ಇಳಿಯುತ್ತದೆ.

ನೀರು ಹಾಯಿಸುವುದು, ಯೂರಿಯಾ ಹಾಕುವುದು, ಔಷಧ ಸಿಂಪಡಿಸುವುದು ಎಲ್ಲ ನಿಲ್ಲಿಸಿ. ಒಣ ನೆಲ ಮೊದಲ ಮಳೆಯನ್ನು ಕುಡಿಯಲಿ. ತಗಡು, ಡ್ರಮ್, ಏಣಿ, ಬಕೆಟ್ ಒಳಗಿಡಿ. ಹಾರಿದ ತಗಡಿನ ಹಾಳೆ ಗಿಡಕ್ಕಿಂತ ಮನುಷ್ಯರಿಗೆ ಅಪಾಯ. ಸಸಿಮಡಿಗೆ ಬಿದಿರು ಬುಟ್ಟಿ ಬೋರಲು ಹಾಕಿ ಮೇಲೆ ಕಲ್ಲಿಡಿ, ಆಲಿಕಲ್ಲಿಗೆ ಇದಕ್ಕಿಂತ ಒಳ್ಳೆಯ ಗುರಾಣಿ ಇಲ್ಲ. ಮಡಿಗಳ ಮೇಲೆ ಬಾಗಿದ ಬಿದಿರಿನ ಕಮಾನಿಗೆ ಎರಡು ಪದರ ಬಲೆ ಬಿಗಿಯಬಹುದು. ಅದು ಮೊಳಕಾಲಿನ ಎತ್ತರ ದಾಟದಿರಲಿ, ಅಂಚುಗಳು ಮಣ್ಣಿನಲ್ಲಿ ಹೂತಿರಲಿ.

ಗಾಳಿ ಎದ್ದ ಮೇಲೆ ಒಳಗೇ ಇರಿ. ಹಾರುವ ಬಲೆ ಹಿಡಿಯಲು, ಮಾವಿನಕಾಯಿ ಆಯಲು ಮಕ್ಕಳನ್ನು ಮರದಡಿ ಬಿಡಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಹೊರಗೆ ಬನ್ನಿ.

ಮರುದಿನ, ಮತ್ತು ನಂತರದ ವಾರಗಳು

ಮೊದಲು ತಂತಿ ನೋಡಿ. ಕೊಂಬೆ ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಅದನ್ನು ಮುಟ್ಟದೆ, ಯಾರನ್ನೂ ಹತ್ತಿರ ಬಿಡದೆ ಬೆಸ್ಕಾಂನ 1912ಕ್ಕೆ ತಿಳಿಸಿ. ಆಮೇಲೆ ತಲೆಯ ಮೇಲೆ ಮುರಿದು ಸಿಕ್ಕಿಕೊಂಡಿರುವ ಕೊಂಬೆಗಳನ್ನು ಗುರುತಿಸಿ. ಯಾವುದನ್ನೂ ಸರಿಸುವ ಮೊದಲು ಫೋಟೊ ತೆಗೆದುಕೊಳ್ಳಿ. ಹೊಲ, ತೋಟಕ್ಕೆ ಫಸಲ್ ಬಿಮಾ ಮಾಡಿಸಿದವರು ಆಲಿಕಲ್ಲು, ನೀರು ನಿಂತ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕಾಗುತ್ತದೆ.

ನಿಂತ ನೀರನ್ನು ಅಂದೇ ಬಸಿದುಬಿಡಿ. ಆದರೆ ಒದ್ದೆ ಮಡಿಯ ಮೇಲೆ, ಅದರಲ್ಲೂ ಎರೆ ಮಣ್ಣಿನಲ್ಲಿ, ಓಡಾಡಬೇಡಿ; ತುಳಿದ ಮಣ್ಣು ಗಟ್ಟಿಕಟ್ಟಿ ಬೇರಿಗೆ ಗಾಳಿ ಸಿಗುವುದಿಲ್ಲ. ಮಣ್ಣು ಹದಕ್ಕೆ ಬಂದ ನಂತರ ಮೇಲ್ಪದರವನ್ನಷ್ಟೇ ಕೆದಕಿ ಸಡಿಲಿಸಿ.

ವಾಲಿದ ಎಳೆಯ ಮರವನ್ನು ಒಂದೆರಡು ದಿನದಲ್ಲೇ, ಮಣ್ಣು ಒದ್ದೆಯಿರುವಾಗಲೇ ಎತ್ತಬೇಕು. ಅಲ್ಲಿಯವರೆಗೆ ತೆರೆದ ಬೇರಿಗೆ ಒದ್ದೆ ಗೋಣಿಚೀಲ ಹೊದಿಸಿ. ಹರಿದ ಬೇರನ್ನು ನಯವಾಗಿ ಕತ್ತರಿಸಿ, ಬೇರಿನ ಕೆಳಗೆ ಸೇರಿದ ಸಡಿಲ ಮಣ್ಣನ್ನು ತೆಗೆದು, ಹಗ್ಗ ಕಟ್ಟಿ ನಿಧಾನವಾಗಿ ಮೇಲೆತ್ತಿ. ಎಳೆಯುವಾಗ ಕಾಂಡಕ್ಕೆ ಗೋಣಿಚೀಲ ಸುತ್ತಿರಲಿ. ಮಣ್ಣು ತುಂಬಿ, ಪಾದದಿಂದ ಹದವಾಗಿ ಒತ್ತಿ, ಮೂರು ಕಡೆ ಆಸರೆ ಕೊಟ್ಟು, ಮೇಲಿನ ಹಸಿರಿನಲ್ಲಿ ಮೂರರಲ್ಲೊಂದು ಭಾಗ ತಗ್ಗಿಸಿ. ಕಾಂಡ ತೊಡೆಯಷ್ಟು ದಪ್ಪವಾದ ಮರ ಬುಡಸಮೇತ ಎದ್ದಿದ್ದರೆ ಮತ್ತೆ ನಿಲ್ಲಿಸುವ ಆಸೆ ಬಿಡಿ. ನಿಂತಂತೆ ಕಂಡರೂ ಮುಂದಿನ ಗಾಳಿಗೆ ಅದು ಮನೆಯ ಮೇಲೆ ಬೀಳಬಹುದು. ಮುರಿದ ಬಾಳೆಯನ್ನು ಬುಡಕ್ಕೆ ಕಡಿದು ಕಂದಿಗೆ ಬಿಟ್ಟುಕೊಡಿ. ಮುರಿದ ಪಪ್ಪಾಯಿಗೆ ಹೆಚ್ಚು ದಿನ ಕಾಯುವುದಕ್ಕಿಂತ ಹೊಸ ಸಸಿ ಮೇಲು.

ಸೀಳಿದ ಕೊಂಬೆಗಳನ್ನು ಹೇಳಿದ ಮೂರು ಕೊಯ್ತದಲ್ಲೇ ತೆಗೆದು ಮುಲಾಮು ಹಚ್ಚಿ. ನೆರಳಿನಲ್ಲಿದ್ದ ತೊಗಟೆ ಈಗ ನೇರ ಬಿಸಿಲಿಗೆ ಬಿದ್ದಿರುತ್ತದೆ, ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಸುಟ್ಟು ಬಿರಿಯುತ್ತದೆ. ಕಾಂಡ, ದಪ್ಪ ಕೊಂಬೆಗಳಿಗೆ ಸುಣ್ಣ ಬಳಿಯಿರಿ, ಗೆದ್ದಲಿಗೂ ಅದು ಸ್ವಲ್ಪ ತಡೆ. ಆಲಿಕಲ್ಲಿನ ಏಟಿನಿಂದ ಎಲೆ, ಕಾಯಿಗಳ ಮೇಲೆ ಗಾಯವಾಗಿದ್ದರೆ ಒಣ ದಿನ ನೋಡಿ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಿ. ಕೊಯ್ಲಿಗೆ ಮೊದಲು ಎಷ್ಟು ದಿನ ಬಿಡಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಗೊಬ್ಬರಕ್ಕೆ ಆತುರ ಬೇಡ. ಪೆಟ್ಟು ತಿಂದ ಬೇರು ಅದನ್ನು ಹೀರಲಾರದು. ಹೊಸ ಚಿಗುರು ಕಂಡ ಮೇಲೆ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ.

ಉದುರಿದ ಮಾವಿನಕಾಯಿಯನ್ನು ಅಂದೇ ಆಯ್ದು, ಜಜ್ಜಿದ್ದನ್ನು ಬೇರೆ ಮಾಡಿ. ಗಟ್ಟಿಯಾದದ್ದು ಉಪ್ಪಿನಕಾಯಿಗೆ, ಜಜ್ಜಿದ್ದು ಚಿತ್ರಾನ್ನಕ್ಕೆ. ಒಂದಿಷ್ಟು ತುರಿದು ಮಂಡಕ್ಕಿಗೂ ಬೆರೆಸಬಹುದು. ಚರಂಡಿ ನೀರು ನುಗ್ಗಿದ ಮಡಿಯ ಸೊಪ್ಪನ್ನು ಮಾತ್ರ, ಎಷ್ಟೇ ಚೆನ್ನಾಗಿ ಕಂಡರೂ, ಕಿತ್ತು ಎಸೆಯಿರಿ.

ಬಿದ್ದ ಮರದ ಜಾಗಕ್ಕೆ ಹೊಸದನ್ನು ನೆಡುವಾಗ ನರ್ಸರಿಯಲ್ಲಿ ಎತ್ತರದ ಸಸಿಗೆ ಮನಸೋಲಬೇಡಿ. ಚೀಲದಿಂದ ಮೆಲ್ಲಗೆ ಸರಿಸಿ ಬೇರು ನೋಡಲು ಕೇಳಿ. ತಳದಲ್ಲಿ ಬೇರು ಸುತ್ತಿಸುತ್ತಿ ಗಂಟಾಗಿದ್ದರೆ ಆ ಸಸಿ ಬೇಡ, ಅದು ದೊಡ್ಡದಾದ ಮೇಲೂ ನೆಲ ಹಿಡಿಯುವುದಿಲ್ಲ. ಎರಡಡಿ ಎತ್ತರದ, ಕಾಂಡ ಗಟ್ಟಿಯಾದ ಕಸಿ ಸಸಿ ಆರಿಸಿ, ಕಸಿಯ ಗಂಟು ಮಣ್ಣಿನ ಮೇಲಿರುವಂತೆ ಜೂನ್ ಕೊನೆಗೆ ನೆಡಿ. ಮಾವಾದರೆ ಮೊಳಕಾಲಿನಿಂದ ಸೊಂಟದೆತ್ತರದೊಳಗೆ ತುದಿ ಚಿವುಟಿ, ಬೇರೆ ಬೇರೆ ದಿಕ್ಕಿಗೆ ಹೊರಟ ಮೂರು ನಾಲ್ಕು ಕವಲುಗಳನ್ನು ಮಾತ್ರ ಬಿಡಿ, ಒಂದರಿಂದ ಇನ್ನೊಂದಕ್ಕೆ ಗೇಣಿನ ಅಂತರವಿರಲಿ.